ಸಣ್ಣ ಸೊಸೆಯ ಮೊದಲ ಮಾತು

ಸಾತಲಿಂಗಪ್ಪನವರ ಸೀರೆ ಅಂಗಡಿಗೆ ಯಾವ ಮಾಲು ತರಬೇಕೆಂಬುದು ಅಂಗಡಿಯಲ್ಲಿ ತೀರ್ಮಾನವಾಗುತ್ತಿರಲಿಲ್ಲ. ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿದ್ದ ಅವರ ಮನೆಯ ಪಡಸಾಲೆಯಲ್ಲಿ, ಅಂಗಡಿಗೆ ಸೂಟಿ ಇದ್ದ ದಿನ, ಊಟವಾದ ಮೇಲೆ ತೀರ್ಮಾನವಾಗುತ್ತಿತ್ತು. ದಲಾಲ ಕೊಟ್ಟ ನಮೂನೆಯ ಸೀರೆಗಳ ಗಂಟನ್ನು ಮನೆಗೆ ತರಿಸಿ ಜಮಖಾನದ ಮೇಲೆ ಬಿಚ್ಚಿಸುತ್ತಿದ್ದರು.

"ಉಡಾವ್ರು ಹೆಂಗಸರು. ಗಂಡಸರು ಆರಿಸಿ ತಂದ ಸೀರಿ ಗಿರಾಕಿಗಲ್ಲ, ಗೆದ್ದಲಕ್ಕ," ಎಂದು ನಗುತ್ತಿದ್ದರು.

ಅದಕ್ಕೊಂದು ಕಟ್ಟಳೆ ಇತ್ತು. ಮನೆಯ ಹೆಂಗಸರೆಲ್ಲ ಸುತ್ತ ಕೂತು ಮಾತಿಲ್ಲದೆ ಸೀರೆಗಳನ್ನು ಮುಟ್ಟಿ ನೋಡಬೇಕು. ಆಮೇಲೆ ಎಲ್ಲರಿಗಿಂತ ಸಣ್ಣವಳು ಮೊದಲು ಹೇಳಬೇಕು, ಹಿರಿಯರದು ಕಡೆಗೆ. "ದೊಡ್ಡಾಕಿ ಬಾಯಿ ತಗದ ಮ್ಯಾಲ ಸಣ್ಣಾಕಿ ಬರೇ ಹೂಂ ಅಂತಾಳ. ಅದರಾಗ ನನಗೇನು ಫಾಯದಾ?" ಎಂಬುದು ಅವರ ಲೆಕ್ಕ.

ಹಿರಿಯ ಸೊಸೆ ನೀಲಗಂಗಾ ಕರಜಗಿಯಿಂದ ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ಸಣ್ಣವಳಾಗಿದ್ದಳು. ಅತ್ತೆ ಗಂಗುಬಾಯಿ ಮತ್ತು ಅವಳು, ಇಬ್ಬರೇ. ಮೊದಲ ಮಾತು ಅವಳದು. ಅವಳು ಹೂಂ ಅಂದ ಸೀರೆ ಹಬ್ಬದೊಳಗೆ ಖಾಲಿಯಾಗುತ್ತಿತ್ತು. "ನೀಲವ್ವನ ಕಣ್ಣು" ಎಂದು ಮಾವ ದಲಾಲರ ಮುಂದೆ ಹೇಳುತ್ತಿದ್ದರು. ಬೇರೆ ಯಾವುದಕ್ಕೂ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಸಾರಿಗೆ ಹುಣಸೆ ಎಷ್ಟು, ಮಗಳು ಗಿರಿಜಾ ಯಾವ ಶಾಲೆಗೆ ಹೋಗಬೇಕು, ತವರಿಗೆ ಯಾವಾಗ ಹೋಗಿಬರಬೇಕು, ಎಲ್ಲವನ್ನೂ ಬೇರೆಯವರು ಹೇಳುತ್ತಿದ್ದರು. ಜಮಖಾನದ ಮೇಲೆ ಮಾತ್ರ ಅವಳು ಹೇಳುತ್ತಿದ್ದಳು, ಗಂಡಸರು ಕೇಳುತ್ತಿದ್ದರು.

ಎಪ್ಪತ್ತನಾಲ್ಕರ ದಸರೆಯ ನಂತರ ಮೈದುನ ನಾಗಪ್ಪನ ಮದುವೆಯಾಯಿತು. ಲೀಲಾಬಾಯಿ ಊರಿನ ಎಣ್ಣೆ ವ್ಯಾಪಾರದವರ ಮಗಳು, ಮ್ಯಾಟ್ರಿಕ್ ಪಾಸಾದವಳು. ಮರಾಠಿ ಮಾಸಿಕ ಓದುತ್ತಿದ್ದಳು, ಹೊಸ ರೀತಿಯ ಆರು ಗಜದ ಸೀರೆ ಉಡುತ್ತಿದ್ದಳು, ಮಾವನವರನ್ನು ಮಾಮಾ ಎಂದು ಕರೆಯುತ್ತಿದ್ದಳು.

ಅವಳು ಬಂದ ಮೇಲೆ ಮೊದಲ ಸಲ ಗಂಟು ಬಿಚ್ಚಿದಾಗ ಸಾತಲಿಂಗಪ್ಪನವರು, "ಇನ್ನ ಮ್ಯಾಲ ಮೊದಲ ಲೀಲವ್ವ ಹೇಳ್ಬೇಕು," ಅಂದರು.

ನೀಲಗಂಗಾ ನೇರಳೆ ಹಣ್ಣಿನಂಥ ಜಾಂಬಳಿ ಬಣ್ಣದ ಸೀರೆಯ ಅಂಚಿನ ದಡಿಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಒಳ್ಳೆಯ ನೂಲು, ತುಂಬಿದ ದಡಿ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು.

"ಮಾಮಾ, ಈ ಜಾಂಬಳೀದು ಏಕದಮ್ ಪಸಂತ ಅದರಿ," ಅಂದಳು ಲೀಲಾ. "ದಡಿ ನೋಡ್ರಿ, ಎಷ್ಟು ತುಂಬಿ ಕಾಣಸ್ತದ."

"ಭಲೇ! ನೀಲವ್ವಾ, ನೀ ಏನಂತೀ?"

"ಹೂಂರಿ ಮಾವಾರ."

"ನೋಡು, ದೊಡ್ಡಾಕಿ ಬರೇ ಹೂಂ ಅನ್ನೂ ಹಂಗಾತು!" ಎಂದು ಮಾವ ನಕ್ಕರು. ನೀಲಗಂಗಾಳ ಗಂಡ ರಾಚಪ್ಪನೂ ನಕ್ಕ.

ಜಾಂಬಳಿ ಸೀರೆ ಸಂಕ್ರಾಂತಿಯೊಳಗೆ ಒಂದೂ ಉಳಿಯಲಿಲ್ಲ. ಮುಂದಿನ ಸಲವೂ ಹಾಗೇ, ಅದರ ಮುಂದಿನ ಸಲವೂ ಹಾಗೇ. ನೀಲಗಂಗಾ ಮನಸ್ಸಿನಲ್ಲಿ ಯಾವುದನ್ನು ಹಿಡಿದುಕೊಂಡಿರುತ್ತಿದ್ದಳೋ ಅದನ್ನೇ ಲೀಲಾ ಪೇಟೆಯ ಮಾತಿನಲ್ಲಿ ಚೆಂದ ಮಾಡಿ ಹೇಳಿಬಿಡುತ್ತಿದ್ದಳು. ಒಂದು ದಿನ ದಲಾಲ ಬಾಗಿಲಲ್ಲಿ ನಿಂತು, "ಧಾಕಟ್ಯಾ ಸೂನಬಾಯಿ ಏನಂತಾರರಿ?" ಎಂದು ಕೇಳಿದ. ಸಣ್ಣ ಸೊಸೆ ಏನಂತಾಳೆ ಎಂದು. ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಗಂಗಾ ಕೈಯಲ್ಲಿದ್ದ ಹಿಟ್ಟನ್ನು ಕಲ್ಲಿನ ಮೇಲೆ ಅಪ್ಪಳಿಸಿದಳು. ರೊಟ್ಟಿ ಹರಿಯಿತು.

ಆ ಉರಿ ಅಡುಗೆಮನೆಗೂ ಬಂತು. ಲೀಲಾ ಶೇಂಗಾ ಚಟ್ನಿಪುಡಿಯ ಹಿಂಡಿಗೆ ಚೂರು ಬೆಲ್ಲ ಹಾಕೋಣ ಅಂದರೆ ನೀಲಗಂಗಾ, "ನಮ್ಮ ಮನ್ಯಾಗ ಹಿಂಡಿ ತಿಂತಾರ, ಉಂಡಿ ಅಲ್ಲ," ಅನ್ನುತ್ತಿದ್ದಳು. ಲೀಲಾ ಬೆಲ್ಲ ಬೇಡ ಅಂದ ದಿನ ತಾನೇ ಹಾಕುತ್ತಿದ್ದಳು.

"ಅವ್ವಾ, ನನಗ ಎರಡು ಜಡಿ ಹಾಕು. ಒಂದ ಜಡಿ ಹಳ್ಳ್ಯಾನವ್ರು ಹಾಕ್ಕೋತಾರಂತ," ಅಂದಳು ಗಿರಿಜಾ ಒಂದು ಬೆಳಿಗ್ಗೆ.

"ಯಾರಂದ್ರು?"

"ಲೀಲಾ ಕಾಕಿ ಅಂದ್ಲು."

"ಕಾಕಿ ಅಂದ್ಲಂತ! ನಿನಗ ನಿಂದೊಂದು ತಲಿ ಅದನೋ ಇಲ್ಲೋ?"

"ಅದಕ್ಕ ಎರಡು ಜಡಿ ಹಾಕು ಅಂತೀನಿ," ಅಂದಳು ಹುಡುಗಿ. ಗಂಗುಬಾಯಿ ಮೂಲೆಯಲ್ಲಿ ಜೋಳ ಹಸನು ಮಾಡುತ್ತ ನಕ್ಕುಬಿಟ್ಟಳು. ಆ ನಗೆಗೂ ನೀಲಗಂಗಾಳಿಗೆ ಸಿಟ್ಟು ಬಂತು.

ಅಲ್ಲಿಂದ ಅವಳು ಜಮಖಾನದ ಮೇಲೂ ಹೂಂ ಅನ್ನುವುದನ್ನು ಬಿಟ್ಟಳು. ಲೀಲಾ ಕುಂಕುಮ ಬಣ್ಣದ್ದು ಅಂದರೆ ಇವಳು ಬೂದಿ ಬಣ್ಣದ್ದು. ಲೀಲಾ ಸಣ್ಣ ಚೌಕಳಿ ಅಂದರೆ ಇವಳು ದೊಡ್ಡ ಚೌಕಳಿ. ಹಟ ಹಿಡಿದು ಕೆಲವು ಸಲ ತನ್ನ ಮಾತನ್ನೇ ನಡೆಸಿದಳು. ಆ ಮಾಲು ಕಪಾಟಿನಲ್ಲೇ ಕೂತಿತು.

"ನಿನ್ನ ಬೂದಿ ಬಣ್ಣದ ಸೀರಿ ಇನ್ನೂ ಹಂಗ ಬಿದ್ದಾವ," ಅಂದ ರಾಚಪ್ಪ ಊಟಕ್ಕೆ ಕೂತಾಗ. "ಗಿರಾಕಿ ಮುಟ್ಟಿ ನೋಡ್ತಾರ, ಕೈ ಒರಸ್ಕೊಂಡು ಹೋಗ್ತಾರ."

"ನಿಮಗ ತೋರಸಾಕ ಬರಂಗಿಲ್ಲ."

"ತೋರಸೂದು ಅಂದ್ರ ಉಟ್ಟು ತೋರಸ್ಲೇನು?"

ನಾಗಪ್ಪ ಬಾಯಲ್ಲಿದ್ದ ತುತ್ತಿನ ಜೊತೆ ಕೆಮ್ಮಿದ. ಸಾತಲಿಂಗಪ್ಪನವರು ಮಾತ್ರ ನಗಲಿಲ್ಲ. "ನೀಲವ್ವನ ಕಣ್ಣಿಗಿ ಏನಾತೋ," ಅಂದರು, ಮೈಯಲ್ಲಿ ಹುಷಾರಿಲ್ಲದವರ ಬಗ್ಗೆ ಹೇಳುವ ದನಿಯಲ್ಲಿ. ಬೈದಿದ್ದರೆ ಅವಳಿಗೆ ಅಷ್ಟು ನಾಟುತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಅವರು ಇನ್ನೊಂದು ಸುದ್ದಿ ಹೇಳಿದರು. ಅಕ್ಕಲಕೋಟೆಯ ಪೇಟೆಯಲ್ಲಿ ಒಂದು ಮಳಿಗೆ ಸಿಕ್ಕಿತ್ತು, ಹಿಂದೆ ಎರಡು ಕೋಣೆಯ ಮನೆ. ಒಬ್ಬ ಮಗ ಹೆಂಡತಿಯ ಸಂಗಡ ಅಲ್ಲಿ ಹೋಗಿ ಅಂಗಡಿ ನೋಡಿಕೊಳ್ಳಬೇಕು.

"ನಾಗಪ್ಪ ಹೋಗ್ಲಿ. ಲೀಲವ್ವನ ಆಯ್ಕಿ ಛಲೋ ಅದ. ಹೊಸಾ ಅಂಗಡಿಗಿ ಅಂಥಾ ಮನಿಶ್ಯಾ ಬೇಕು," ಅಂದರು.

ನೀಲಗಂಗಾ ಆ ರಾತ್ರಿಯ ಪಾತ್ರೆಯನ್ನು ಒಬ್ಬಳೇ ತಿಕ್ಕಿದಳು. ಅಕ್ಕಲಕೋಟೆಯಿಂದ ಕರಜಗಿಗೆ ಎಸ್.ಟಿ. ಬಸ್ಸು ಹಿಡಿದರೆ ತವರು. ತನ್ನದೇ ಒಲೆ, ತನ್ನದೇ ಉಪ್ಪಿನ ಭರಣಿ, ತಾನು ಹೇಳಿದಾಗ ಏಳುವ ಮನೆ. ಆ ಎರಡು ಕೋಣೆಗಳನ್ನು ನೋಡದೆಯೇ ಅವಳು ಗುಡಿಸಿ ಸಾರಿಸಿ ಮುಗಿಸಿದ್ದಳು. ಅದು ಬೇಕಾದಷ್ಟು ಅವಳಿಗೆ ಈ ಮನೆಯಲ್ಲಿ ಬೇರೆ ಯಾವುದೂ ಎಂದೂ ಬೇಕಾಗಿರಲಿಲ್ಲ.

ಅದೇ ವಾರ ಕರಜಗಿಯಿಂದ ತಾಯಿ ಹಣಮವ್ವ ಬಂದಳು. ಬುಟ್ಟಿಯಲ್ಲಿ ಹಸಿ ಶೇಂಗಾ, ಪುಂಡಿಪಲ್ಲೆ ತಂದಿದ್ದಳು. ಲೀಲಾ ಅವಳಿಗೆ ಚಹಾ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಪಕ್ಕದಲ್ಲಿ ಕೂತು, ಬಸ್ಸಿನಲ್ಲಿ ಗದ್ದಲವಿತ್ತೇ ಎಂದು ವಿಚಾರಿಸಿದಳು. ಹೋಗುವಾಗ ಹಣಮವ್ವ ಮಗಳ ಕಿವಿಯಲ್ಲಿ, "ನಿನ್ನ ನೆಗೆಣ್ಣಿ ಬಂಗಾರದಂಥಾಕಿ ಅದಾಳ ನೋಡವಾ," ಅಂದಳು.

"ಒಂದು ಕಪ್ಪು ಚಾದಾಗ ನಿನಗ ಬಂಗಾರ ಕಾಣಿಸ್ತೇನು?"

"ಅಯ್ಯ, ನಾ ಏನಂದೆ ಈಗ?"

ನೀಲಗಂಗಾ ಖಾಲಿ ಬುಟ್ಟಿಯನ್ನು ತಾಯಿಯ ಕೈಗೆ ಕೊಟ್ಟಳು. ಮೊದಲು ಮಾವ, ಆಮೇಲೆ ಗಂಡ, ಆಮೇಲೆ ಮಗಳು. ಈಗ ಹಡೆದವಳೂ ಲೀಲಾಳ ಕಡೆಗಾದಳು.

ಹೋಳಿಗೆಗೆ ಬೇಳೆ ಬೇಯಿಸಿ ಕಟ್ಟು ಬಸಿಯುವಾಗ ಪಾತ್ರೆ ಜಾರಿ ನೀಲಗಂಗಾಳ ಬಲಗೈ ಸುಟ್ಟಿತು. ಗಂಗುಬಾಯಿ ತುಪ್ಪ ಸವರಿ ಹಳೆಯ ಪಂಚೆಯ ಅರಿವೆ ಸುತ್ತಿದಳು. ಮರುದಿನವೇ ಸೂಟಿ, ಗಂಟು ಬಂತು. ನೀಲಗಂಗಾ ಸುಟ್ಟ ಕೈಯನ್ನು ಮಡಿಲಲ್ಲಿಟ್ಟು ಸೆರಗು ಮುಚ್ಚಿಕೊಂಡು ಕೂತಳು. ಸೀರೆಗಳನ್ನು ಕಣ್ಣಿನಿಂದಲೇ ನೋಡಿದಳು.

ಲೀಲಾ ಎಲ್ಲವನ್ನೂ ಒಮ್ಮೆ ಮುಟ್ಟಿದಳು. ಮತ್ತೆ ಮೊದಲಿನಿಂದ ಮುಟ್ಟಿದಳು. ಆಮೇಲೆ ನೀಲಗಂಗಾಳ ಮಡಿಲಿನ ಕಡೆ ನೋಡಿದಳು.

"ಹೂಂ, ಹೇಳು ಲೀಲವ್ವಾ."

"ಎಲ್ಲಾನೂ ಛಲೋ ಅವರಿ ಮಾಮಾ."

"ಎಲ್ಲಾ ಛಲೋ ಅಂದ್ರ ದಲಾಲನ ಮನೀನ ತರ್ಬೇಕಾಗ್ತದ. ಒಂದು ಹೇಳು."

ಲೀಲಾ ಮತ್ತೆ ಆ ಮಡಿಲನ್ನೇ ನೋಡಿದಳು. ಹಣೆಯ ಮೇಲೆ ಬೆವರು ಮೂಡಿತ್ತು. "ಇವತ್ತ ನನಗ ತಲಿ ನೋಯಾಕತ್ತದರಿ," ಅಂದಳು.

ನೀಲಗಂಗಾಳಿಗೆ ತಿಳಿಯಿತು. ಜಾಂಬಳಿ ಸೀರೆಯ ದಿನ ತನ್ನ ಕೈ ಎಲ್ಲಿತ್ತು, ಕುಂಕುಮ ಬಣ್ಣದ ದಿನ ಎಲ್ಲಿತ್ತು, ಎಲ್ಲ ನೆನಪಿಗೆ ಬಂತು. ಈ ಹುಡುಗಿ ಸೀರೆ ನೋಡುತ್ತಲೇ ಇರಲಿಲ್ಲ, ತನ್ನ ಕೈ ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದಳು. ಮನೆಯವರು ಹೊಗಳಿದ್ದೆಲ್ಲ ತನ್ನ ಆಯ್ಕೆಯನ್ನೇ. ಅದು ಲೀಲಾಳ ಬಾಯಿಂದ ಬಂದದ್ದಕ್ಕೆ ತಾನು ಬೇಡ ಬೇಡವೆಂದು ಹಟ ಮಾಡಿ, ಬೂದಿ ಬಣ್ಣವನ್ನು ಕಪಾಟಿಗೆ ಹೇರಿದ್ದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಕೈಯ ಗಾಯ ಮಾಯ್ದ ಮೇಲೆ ಅಕ್ಕಲಕೋಟೆಯ ಅಂಗಡಿಗೆಂದೇ ತರಿಸಿದ ಗಂಟು ಬಿಚ್ಚಿದರು. ಅದರಲ್ಲಿ ಒಂದು ಗಿಳಿ ಹಸಿರು ನೈಲಾನ್ ಸೀರೆ ಇತ್ತು. ಮೈತುಂಬ ಅಂಗೈಯಗಲ ಹಳದಿ ಹೂವು, ಮಿಂಚುವ ಬೆಳ್ಳಿ ದಡಿ. ಅಕ್ಕಲಕೋಟೆಯ ಪೇಟೆಗೆ ಬರುವ ಕರಜಗಿ, ದುಧನಿಯ ಕಡೆಯ ಹೆಂಗಸರು ಅದನ್ನು ಕಂಡರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವರೆಂದು ನೀಲಗಂಗಾಳಿಗೆ ಗೊತ್ತಿತ್ತು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ತೆಗೆಯಲಿಲ್ಲ.

"ಮಾಮಾ, ಈ ಹಸಿರೂ!" ಅಂದಳು ಲೀಲಾ. ಅವಳ ಮುಖ ಅರಳಿತ್ತು. "ಎಷ್ಟು ಹಗೂರ ಅದ, ಎಷ್ಟು ಹೊಳೀತದ! ಅಕ್ಕಲಕೋಟಿ ಸ್ವಾಮಿ ದರ್ಶನಕ್ಕ ಬಂದವ್ರು ಇದನ್ನ ಬಿಟ್ಟು ಹೋಗಂಗೇ ಇಲ್ಲ."

"ಇಷ್ಟು ಖುಷೀಲೆ ನೀ ಎಂದೂ ಹೇಳಿದ್ದಿಲ್ಲ. ಒಂದು ಪೂರಾ ಗಂಟು ತರಸೋಣು. ನೀಲವ್ವಾ?"

ಹೂಂ ಅನ್ನಬೇಕೆಂದೇ ಅವಳು ಕೂತಿದ್ದಳು. ಆದರೆ ಪೂರಾ ಗಂಟು ಎಂದಾಗ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಲ್ಲಿ ಕೊಳೆಯುವುದು ಮನೆಯ ಮಾಲು.

"ಬ್ಯಾಡ್ರಿ ಮಾವಾರ. ಅಲ್ಲಿ ಹಳ್ಳಿ ಹೆಂಗಸರು ಇದನ್ನ ಉಡಂಗಿಲ್ಲ."

ಸಾತಲಿಂಗಪ್ಪನವರು ತೊಡೆ ತಟ್ಟಿ ನಕ್ಕರು. "ನೀಲವ್ವ ಬ್ಯಾಡ ಅಂದ್ಲಲ್ಲ, ಖಾತ್ರಿ ಹೋಗ್ತದ ಇದು! ನಾಗಪ್ಪಾ, ದಲಾಲಗ ಹೇಳಿ ಕಳಸು."

"ಖರೇನ ಹೇಳಾಕತ್ತೀನ್ರಿ..."

"ಇರ್ಲಿ ಬಿಡವಾ. ನೀ ಲೀಲವ್ವನ ಮಾತಿಗಿ ಯಾವಾಗ ಹೂಂ ಅಂದೀ?"

ಗಂಡಸರು ಮೂವರೂ ನಕ್ಕರು. ಗಂಗುಬಾಯಿ ನಗಲಿಲ್ಲ.

ಸಂಜೆ ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ನೀಲಗಂಗಾ ಹಂಚಿನ ಮೇಲೆ ಬೇಯಿಸುತ್ತಿದ್ದಳು.

"ಆ ಹಸಿರು ಸೀರಿ ಮ್ಯಾಲ ನಿನ್ನ ಕೈ ಯಾಕ ಕುಂತಿತ್ತು?" ಎಂದು ಕೇಳಿದಳು ಗಂಗುಬಾಯಿ.

"ಸುಮ್ನ."

"ಸುಮ್ನ ಅಲ್ಲ. ಆ ಹುಡುಗಿ ನಿನ್ನ ಕೈ ನೋಡ್ತಾಳ ಅಂತ ಗೊತ್ತಾಗೇ ಇಟ್ಟಿದ್ದಿ."

ನೀಲಗಂಗಾ ರೊಟ್ಟಿ ತಿರುವುವುದನ್ನು ಮರೆತಳು. "ನಿಮಗ ಗೊತ್ತಿತ್ತೇನ್ರಿ ಅತ್ಯಾ?"

"ಮೊದಲನೇ ದಿನಾನ ಗೊತ್ತಾತು. ನೀ ಕರಜಗೀಲಿಂದ ಬಂದಾಗ ನನ್ನ ಕೈ ನೋಡಿ ನೋಡೇ ಹೇಳ್ತಿದ್ದಿ. ನಿಮ್ಮ ಮಾವ ನಿನ್ನ ಹೊಗಳಾವ್ರು, ನಾ ಇಲ್ಲೇ ಕುಂತು ರೊಟ್ಟಿ ಬಡೀತಿದ್ದೆ. ಹೊಟ್ಟಿ ಧಗಧಗ ಅಂತಿತ್ತು ನನಗ."

"ನಾ ಎಂದೂ ಹಂಗ ಮಾಡಿಲ್ಲ!"

"ಇಲ್ಲಂದ್ರ ಇಲ್ಲ. ರೊಟ್ಟಿ ಸುಡಾಕತ್ತದ, ತಗಿ."

ನೀಲಗಂಗಾ ನೆನಪು ಮಾಡಿಕೊಳ್ಳಲು ನೋಡಿದಳು. ಮದುವೆಯಾದ ವರ್ಷ ಜಮಖಾನದ ಮೇಲೆ ಯಾವ ಯಾವ ಸೀರೆ ಬಿದ್ದಿದ್ದವು? ಒಂದೂ ನೆನಪಾಗಲಿಲ್ಲ. ಅತ್ತೆಯ ಕೈ ಮಾತ್ರ ಕಣ್ಣ ಮುಂದೆ ಬಂತು: ಹಸಿರು ಚಿಕ್ಕಿ ಬಳೆ, ನಡುಬೆರಳಿನ ಉಂಗುರ, ಹೆಬ್ಬೆರಳಿನ ಬುಡದಲ್ಲಿ ಕರಿ ಮಚ್ಚೆ.

"ನೀವಾದ್ರೂ ಮಾವಾರಿಗೆ ಹೇಳ್ಬೇಕಿಲ್ರಿ?"

"ಏನಂತ ಹೇಳ್ಲಿ? ನಾನೂ ನಮ್ಮತ್ತಿ ಕೈ ನೋಡೇ ಕಲ್ತಾಕಿ."

ನೀರಿನ ಕೊಡ ಹೊತ್ತು ಲೀಲಾ ಒಳಗೆ ಬಂದಳು. ಅವರ ಮಾತು ಅವಳ ಕಿವಿಗೆ ಬಿದ್ದಿತ್ತು. ಕೊಡ ಇಳಿಸಿ, ಅಲ್ಲೇ ಗೋಡೆಗೆ ಒರಗಿ ನಿಂತಳು.

"ಅಕ್ಕಾ, ನನಗ ಅಕ್ಕಲಕೋಟಿಗಿ ಹೋಗೂದು ಬ್ಯಾಡ."

"ಯಾಕ? ಹೊಗಳಸ್ಕೊಂಡದ್ದು ಸಾಕಾತೇನು?"

"ಅಲ್ಲಿ ನೀವು ಇರಂಗಿಲ್ಲ. ಮಾಲು ಬಂದ್ರ ನಾ ಯಾರ ಕೈ ನೋಡ್ಲಿ? ನಮ್ಮ ಮನ್ಯಾಗ ಎಣ್ಣಿ ಡಬ್ಬಿ ಬಿಟ್ರ ಏನೂ ನೋಡಿಲ್ಲ ನಾ. ಮೊದಲನೇ ದಿನ ಮಾಮಾ ನನ್ನ ಕೇಳಿದ್ರು, ಬಾಯಿ ಒಣಗಿ ಹೋತು. ನಿಮ್ಮ ಕೈ ಕಾಣಸ್ತು, ಹೇಳಿಬಿಟ್ಟೆ. ಆಮ್ಯಾಲ ಹೆಂಗ ಬಿಡ್ಲಿ?"

"ಈ ಮಾತು ನನ್ನ ಮುಂದ ಯಾಕ? ಮಾವಾರ ಮುಂದ ಹೇಳು."

"ಹೇಳಿದ್ರ ನನ್ನ ಮಾನ ಏನು ಉಳೀತು?"

"ನನ್ನ ಮಾನ ಇಷ್ಟು ದಿನ ಎಲ್ಲಿತ್ತು, ಎಂದಾರ ಕೇಳೀಯೇನು?"

ಲೀಲಾ ಕಣ್ಣೊರೆಸಿಕೊಂಡಳು. ನೀಲಗಂಗಾಳಿಗೆ ಕನಿಕರ ಬರಲಿಲ್ಲ. ಅಳುವಾಗಲೂ ಅವಳು ಚೆಂದ ಕಾಣುತ್ತಾಳೆ ಅನಿಸಿತು, ಅಷ್ಟೇ. ಗಂಗುಬಾಯಿ, "ಇಬ್ಬರೂ ಬಾಯಿ ಮುಚ್ರಿ, ಗಂಡಸರ ಊಟದ ಹೊತ್ತಾತು," ಅಂದಳು.

ಕೆಲವು ದಿನಗಳ ಮೇಲೆ ಹಸಿರು ಸೀರೆಯ ಗಂಟು ಬಂತು. ಪಡಸಾಲೆಯಲ್ಲಿ ರಾಚಪ್ಪ, ನಾಗಪ್ಪ ಸೇರಿ ಅದನ್ನು ಅಕ್ಕಲಕೋಟೆಗೆ ಕಳಿಸಲು ಗೋಣಿತಟ್ಟು ಹೊಲಿಯುತ್ತಿದ್ದರು. ನೀಲಗಂಗಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಮಾವಾರ, ಇದನ್ನ ಕಳಸಬ್ಯಾಡ್ರಿ. ಲೀಲಾ ಹೇಳ್ಲಿ ಅಂತ ಬೇಕಂತ ನಾನ ಇದರ ಮ್ಯಾಲ ಕೈ ಇಟ್ಟಿದ್ದೆ."

ಸಾತಲಿಂಗಪ್ಪನವರಿಗೆ ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು: ಕೈ ನೋಡುವುದು, ಕೈ ಸುಟ್ಟ ದಿನ, ತಾನು ಬೇಕೆಂದೇ ಮಾಡಿದ್ದು. ಅತ್ತೆಯ ಹೆಸರು ಮಾತ್ರ ಎತ್ತಲಿಲ್ಲ. ರಾಚಪ್ಪನ ಕೈಯಲ್ಲಿ ದಬ್ಬಣ ಹಾಗೇ ನಿಂತಿತು.

"ಹಂಗಾರ ಲೀಲವ್ವಂದು ಒಂದು ಮಾತೂ ಆಕೀದಲ್ಲೇನು?" ಅಂದರು ಮಾವ, ಬಾಗಿಲ ಕಡೆ ತಿರುಗಿ.

ಲೀಲಾ ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಬಿಳಚಿಕೊಂಡಿತ್ತು. "ಅಕ್ಕ ಹೇಳಿದ್ದು ಖರೆ ಅದರಿ ಮಾಮಾ. ನಾ ಎಲ್ಲಾ ಅಕ್ಕನ ಕೈ ನೋಡೇ ಹೇಳಿದ್ದು." ಆಮೇಲೆ ತಲೆ ಎತ್ತಿದಳು. "ಆದರ ಈ ಹಸಿರು ಸೀರಿ ಹಂಗಲ್ಲ. ಅಕ್ಕ ಕೈ ಇಡೂದ್ಕಿಂತ ಮೊದಲ ನಾ ಇದನ್ನ ನೋಡಿದ್ದೆ. ಅಕ್ಕ ಇಟ್ಳಲ್ಲ, ನನಗ ಖುಷಿ ಆತು. ಇದು ನನ್ನ ಮನಸಿನ್ಯಾಗಿಂದರಿ. ನಾ ಉಡ್ತೀನಿ."

"ಈ ಹಳದಿ ಹೂವು?" ಅಂದ ನಾಗಪ್ಪ, ಹೆಂಡತಿಯನ್ನು ಹೊಸದಾಗಿ ನೋಡಿದವನಂತೆ.

"ಹೂಂ, ಹಳದಿ ಹೂವಾನ."

ಯಾರೂ ನಗಲಿಲ್ಲ. ಸಾತಲಿಂಗಪ್ಪನವರು ವಿಭೂತಿಯ ಹಣೆ ತಿಕ್ಕಿಕೊಂಡರು. ಹೆಂಡತಿಯ ಕಡೆ ಒಮ್ಮೆ ನೋಡಿದರು. ಮೂಲೆಯಲ್ಲಿ ಕೂತಿದ್ದ ಗಂಗುಬಾಯಿ ಜೋಳದ ಮೊರದಿಂದ ಕಣ್ಣೆತ್ತಲಿಲ್ಲ.

"ಅಕ್ಕಲಕೋಟಿಗಿ ರಾಚಪ್ಪ ನೀಲವ್ವ ಹೋಗ್ಲಿ," ಅಂದರು ಕಡೆಗೆ. "ಹಸಿರು ಗಂಟು ಇಲ್ಲೇ ಇರ್ಲಿ. ಹೋಗ್ತದೋ ಕೂಡ್ತದೋ ನೋಡೋಣು."

ಹೋಯಿತು. ಮಿಲ್ಲಿಗೆ ಹೋಗುವ ಹೆಂಗಸರು, ಕಾಲೇಜಿನ ಹುಡುಗಿಯರು ಬಂದು ಕೇಳಿ ಒಯ್ದರು. ನೀಲಗಂಗಾ ಆ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಕೇಳಿದಳು, ತಾನೇ ರೊಟ್ಟಿ ಬಡಿಸುತ್ತ.

ಹೊರಡುವ ದಿನ ಲೀಲಾ ಅದೇ ಸೀರೆ ಉಟ್ಟು, ಬುತ್ತಿ ಕಟ್ಟಿಕೊಟ್ಟು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬಿಸಿಲಿಗೆ ಬೆಳ್ಳಿ ದಡಿ ಮಿಂಚುತ್ತಿತ್ತು. ಓಣಿಯ ಹೆಂಗಸರು ತಿರುಗಿ ತಿರುಗಿ ನೋಡಿದರು. ನಗುವುದಕ್ಕಲ್ಲ. ಗಿರಿಜಾ ಕಾಕಿಯ ಸೆರಗು ಹಿಡಿದು ನಿಂತವಳು ಬಸ್ಸು ಹತ್ತಲು ಒಲ್ಲೆನೆಂದಳು. ನೀಲಗಂಗಾ ಅವಳ ರಟ್ಟೆ ಹಿಡಿದು ಎಳೆದುಕೊಂಡಳು.

ದಾರಿಯಲ್ಲಿ ವಳಸಂಗ ಊರು ದಾಟಿದ ಮೇಲೆ ಗಿರಿಜಾ ಅವ್ವನ ತೊಡೆಯ ಮೇಲೆ ನಿದ್ದೆ ಹೋದಳು. ರಾಚಪ್ಪ ಕಿಟಕಿಯಿಂದ ಹೊರಗೆ ನೋಡುತ್ತ, "ನಿನಗ ಬೇಕಾದ್ದು ಸಿಕ್ತಲ್ಲ," ಅಂದ.

"ಹೂಂ."

"ಮತ್ತ ಮಾರಿ ಯಾಕ ಹಂಗ?"

"ಆ ಸೀರ್ಯಾಗ ಲೀಲಾ ಛಲೋ ಕಾಣ್ತಿದ್ಲು."

"ನೀನ ಅದನ್ನ ಕೆಟ್ಟದ್ದು ಅಂದಿದ್ದಿ."

"ಈಗೂ ಅಂತೀನಿ. ನನಗ ಪುಕಟ ಕೊಟ್ರೂ ಬ್ಯಾಡ ಅದು."

"ಬ್ಯಾಡಂದ್ರ ಮತ್ತ ಯಾಕ ಹೊಟ್ಟಿ ಉರ್ಕೋತಿ?"

ನೀಲಗಂಗಾ ಮಗಳ ಕೂದಲು ಸರಿಪಡಿಸಿದಳು.

"ಆಕಿ ಎಲ್ಲಾರ ಮುಂದ ನಿಂತು, ನಾ ಉಡ್ತೀನಿ ಅಂದ್ಲಲ್ರಿ. ನಾ ಇಷ್ಟು ವರ್ಷ ಊರ ಮಂದಿಗೆಲ್ಲಾ ಸೀರಿ ಆರಿಸಿ ಕೊಟ್ಟೆ. ಒಂದರ ಮ್ಯಾಲೂ ನನಗ ಹಂಗ ಮನಸು ಬಿದ್ದಿಲ್ಲ."